ಕಾರಿನ ಕನಸು ಕಂಡ ವಿಶ್ವೇಶ್ವರಯ್ಯ

ಕರ್ಜಗಿಯ ಶಾಲೆಯಲ್ಲಿ ಬೋಧನಾಭ್ಯಾಸಕ್ಕಿದ್ದಾಗ ಏಳನೆಯ ತರಗತಿಗೆ ಮುಂದಿನ ಕಾಲದ ಕಾರಿನ ಚಿತ್ರ ಬರೆಯುವ ಚಟುವಟಿಕೆ ಕೊಟ್ಟಿದ್ದೆ. ಕಾರಹುಣ್ಣಿಮೆಯ ಬಂಡಿ ಓಟ ನೋಡಿ ಬೆಳೆದ ಮಕ್ಕಳವರು. ಒಬ್ಬಳು ಬಿಸಿಲಿನಿಂದ ಓಡುವ ಕಾರು ಬರೆದಳು. ಒಬ್ಬ ಹುಡುಗನ ಕಾರು ಮೆಣಸಿನಕಾಯಿ ಚೀಲ ಹೊತ್ತು, ತುಂಬಿದ ವರದಾ ನದಿಯನ್ನು ತೇಲಿ ದಾಟುತ್ತಿತ್ತು. ಇದು ಆಗುವ ಮಾತೇ ಎಂದು ಕೇಳಿಬಿಟ್ಟೆ. ಅವನು ಸುಮ್ಮನೆ ರಬ್ಬರ್ ತೆಗೆದು ಚಿತ್ರವನ್ನೆಲ್ಲ ಅಳಿಸಿದ. ಪಾಠ ಯೋಜನೆಯಲ್ಲಿ ನಾನು ಬರೆದಿದ್ದ ಉದ್ದೇಶ ಕಲ್ಪನಾಶಕ್ತಿ ಬೆಳೆಸುವುದು!

ಮರುದಿನ ಸರ್ ಎಂ. ವಿಶ್ವೇಶ್ವರಯ್ಯನವರ ಜೀವನ ಹೇಳಿದೆ. ಕನ್ನಂಬಾಡಿ ಕಟ್ಟೆಯ ವಿಷಯ ಮಕ್ಕಳಿಗೆ ಗೊತ್ತಿತ್ತು. ಕಾರಿನ ವಿಷಯ ಗೊತ್ತಿರಲಿಲ್ಲ.

ಮುದ್ದೇನಹಳ್ಳಿಯ ಈ ಹುಡುಗ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿದ. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಪ್ರಾಂತ್ಯದ ಸೇವೆಗೆ ಸೇರಿದರು. ನಮ್ಮ ಹಾವೇರಿ ಆಗ ಅದೇ ಪ್ರಾಂತ್ಯದಲ್ಲಿತ್ತು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ಮುಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನೂ ನಡೆಸಿದರು.

ಎಲ್ಲರೂ ವಿಶ್ರಾಂತಿ ಬಯಸುವ ವಯಸ್ಸು ಬಂತು. ಅವರಿಗೆ ಮಾತ್ರ ಹೊಸ ಹಂಬಲ: ಭಾರತದಲ್ಲೇ ಕಾರು ತಯಾರಾಗಬೇಕು. 1935ರಲ್ಲಿ, 70 ದಾಟಿದ ಮೇಲೆ, ಯೂರೋಪು, ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದರು. ಬಂಡವಾಳ, ಯಂತ್ರ, ಕೆಲಸಗಾರರು ಎಲ್ಲದರ ಲೆಕ್ಕ ಹಾಕಿ ಯೋಜನೆ ಬರೆದರು. ಮುಂಬಯಿಯ ಮಂತ್ರಿಮಂಡಲ ಬೆಂಬಲಿಸಿತು. 1939ರಲ್ಲಿ ಅದು ರಾಜೀನಾಮೆ ಕೊಟ್ಟಿತು. ಮೈಸೂರು ಸರ್ಕಾರಕ್ಕೂ ಆಸಕ್ತಿಯಿತ್ತು. ಬ್ರಿಟಿಷ್ ಭಾರತ ಸರ್ಕಾರ ಒಪ್ಪಲಿಲ್ಲ. ಅವರ ಯೋಜನೆ ಕಾಗದದಲ್ಲೇ ಉಳಿಯಿತು.

ಇಲ್ಲಿಗೆ ಬಂದಾಗ ತರಗತಿ ಗಪ್ಪಾಯಿತು. ಕೊನೆಗೆ ಕಾರು ಆಯಿತೋ ಇಲ್ಲವೋ ಎಂದು ಕೇಳಿದವನು ಚಿತ್ರ ಅಳಿಸಿದ ಹುಡುಗನೇ.

ಆಯಿತು. ಈ ಪ್ರಯತ್ನದಲ್ಲಿ ಜೊತೆಗಿದ್ದ ಉದ್ಯಮಿ ವಾಲಚಂದ್ ಹೀರಾಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. 1947ರಲ್ಲಿ ಅಲ್ಲಿಂದ ಮೊದಲ ಕಾರು ಹೊರಬಂತು. ವಿಶ್ವೇಶ್ವರಯ್ಯನವರಿಗೆ ಆಗ 85 ದಾಟಿತ್ತು. 1955ರಲ್ಲಿ ಭಾರತರತ್ನ ಬಂತು; 1962ರ ಏಪ್ರಿಲ್ 14ರಂದು ತೀರಿಕೊಂಡರು.

ಪಾಠ ಮುಗಿಸಿ ಅದೇ ಚಟುವಟಿಕೆಯನ್ನು ಮತ್ತೆ ಕೊಟ್ಟೆ. ಈ ಸಲ ಆಗುವುದೇ ಎಂದು ಕೇಳಲಿಲ್ಲ. ಆಗಬೇಕಾದರೆ ಏನೇನು ಬೇಕು ಎಂದು ಚಿತ್ರದ ಕೆಳಗೆ ಬರೆಯಲು ಹೇಳಿದೆ. ಆ ಹುಡುಗ ಕಾರಿನ ಎರಡೂ ಬದಿಗೆ ಖಾಲಿ ಪೀಪಾಯಿ ಕಟ್ಟಿದ. ಎಷ್ಟು ಚೀಲಕ್ಕೆ ಎಷ್ಟು ಪೀಪಾಯಿ ಎಂದು ಪಕ್ಕದವನೊಡನೆ ವಾದಕ್ಕಿಳಿದ. ತೇಲುವಿಕೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಸಿಕ್ಕಿರಲಿಲ್ಲ.

ಅಳಿಸಿದ ಗೆರೆಗಳ ಗುರುತು ಮಾತ್ರ ಆ ಹಾಳೆಯಲ್ಲಿ ಹಾಗೇ ಇತ್ತು. ಪ್ರಶ್ನೆ ಕೇಳುವ ಮುನ್ನ ಈಗಲೂ ಅದು ನೆನಪಾಗುತ್ತದೆ.