ಯು ಅಕ್ಷರ ಕೈಬಿಟ್ಟ ಮೇಷ್ಟ್ರು

ವೆಬ್ ಪೇಜ್ ಮಾಡೋವಾಗ ನಾವೆಲ್ಲ ಒಮ್ಮೆಯಾದರೂ ಮಾಡಿರೋ ತಪ್ಪು ಇದು. ಶಾಲೆಯಲ್ಲಿ ಕಲಿತ ಹಾಗೆ ಕಲರ್ ಪದಕ್ಕೆ ಯು ಸೇರಿಸಿ ಟೈಪ್ ಮಾಡ್ತೀವಿ. ಸಿಎಸ್‌ಎಸ್ ಸುಮ್ಮನೆ ಕೂತುಬಿಡುತ್ತೆ, ಬಣ್ಣ ಬರೋದೇ ಇಲ್ಲ. ಯು ತೆಗೆದ ಕೂಡಲೇ ಸರಿಹೋಗುತ್ತೆ. ಅದೇ ಅಭ್ಯಾಸದಲ್ಲಿ ಲ್ಯಾಬ್ ರೆಕಾರ್ಡಿನಲ್ಲಿ ಯು ಬಿಟ್ಟು ಬರೆದರೆ ಕೆಂಪು ಗೆರೆ! ಈ ಗೊಂದಲದ ಹಿಂದೆ ಒಬ್ಬ ಮೇಷ್ಟ್ರು ಇದ್ದಾರೆ: ನೋವಾ ವೆಬ್‌ಸ್ಟರ್.

ವೆಬ್‌ಸ್ಟರ್ ಹುಟ್ಟಿದ್ದು 1758ರಲ್ಲಿ, ಅಮೆರಿಕದ ಕನೆಕ್ಟಿಕಟ್‌ನ ಒಂದು ರೈತ ಕುಟುಂಬದಲ್ಲಿ. ಮಗನನ್ನು ಯೇಲ್ ಕಾಲೇಜಿಗೆ ಕಳಿಸಲು ಅಪ್ಪ ಜಮೀನನ್ನೇ ಅಡ ಇಟ್ಟರು. 1778ರಲ್ಲಿ ಪದವಿ ಬಂತು, ಆದರೆ ಅದು ಯುದ್ಧದ ಕಾಲ. ಕೈಯಲ್ಲಿ ಕಾಸಿಲ್ಲದೆ ಹಳ್ಳಿಶಾಲೆಯಲ್ಲಿ ಪಾಠ ಹೇಳೋಕೆ ಹೋದರು. ಅಲ್ಲಿ ಮಕ್ಕಳು ಓದುತ್ತಿದ್ದ ಪುಸ್ತಕಗಳು ಇಂಗ್ಲೆಂಡಿನವು. ದೇಶ ಸ್ವತಂತ್ರವಾದರೂ ಭಾಷೆಗೆ ಇನ್ನೂ ಲಂಡನ್ನಿನ ಅಪ್ಪಣೆ ಬೇಕಾ ಅನ್ನೋ ಪ್ರಶ್ನೆ ಅವರನ್ನು ಕಾಡಿತು. 1783ರಲ್ಲಿ ತಾವೇ ಒಂದು ಕಾಗುಣಿತದ ಪುಸ್ತಕ ಬರೆದರು. ನೀಲಿ ರಟ್ಟಿನ ಆ ಪುಸ್ತಕ ಮುಂದೆ ಕೋಟಿಗಟ್ಟಲೆ ಪ್ರತಿ ಮಾರಾಟವಾಯಿತು.

ತಮಾಷೆ ಏನು ಗೊತ್ತಾ? ಆ ಪುಸ್ತಕದಲ್ಲಿ ವೆಬ್‌ಸ್ಟರ್, ಯು ಅಕ್ಷರ ಬಿಡುವವರನ್ನೇ ಟೀಕಿಸಿದ್ದರು! ಕೆಲವೇ ವರ್ಷಗಳಲ್ಲಿ, ಬೆಂಜಮಿನ್ ಫ್ರಾಂಕ್ಲಿನ್ ಅವರ ಪ್ರಭಾವವೂ ಸೇರಿ, ಮನಸ್ಸು ಬದಲಾಯಿಸಿಕೊಂಡರು. ಉಚ್ಚಾರವಾಗದ ಅಕ್ಷರ ಯಾಕೆ ಬೇಕು ಅನ್ನೋದು ಈಗ ಅವರ ವಾದ. ಮ್ಯೂಸಿಕ್‌ನ ಕೊನೆಯ ಕೆ ಹೋಯಿತು, ಸೆಂಟರ್‌ನ ಕೊನೆಯಲ್ಲಿ ಆರ್ ಮತ್ತು ಇ ಅದಲುಬದಲಾದವು. ಇವೆಲ್ಲ ಅವರೇ ಹುಟ್ಟಿಸಿದ್ದಲ್ಲ. ಹಲವು ರೂಪಗಳು ಆಗಲೇ ಅಲ್ಲಲ್ಲಿ ಓಡಾಡುತ್ತಿದ್ದವು. ಅವನ್ನು ಆರಿಸಿ, ನಿಘಂಟಿನಲ್ಲಿಟ್ಟು, ನಿಲ್ಲಿಸಿದ್ದು ಅವರು.

ಎಲ್ಲದರಲ್ಲೂ ಗೆಲ್ಲಲಿಲ್ಲ. ಟಂಗ್ ಪದಕ್ಕೆ ಟಿ ಯು ಎನ್ ಜಿ, ಈ ನಾಲ್ಕೇ ಅಕ್ಷರ ಸಾಕು ಅಂದರು, ಜನ ಕೇಳಲಿಲ್ಲ. ಒಬ್ಬರನ್ನೇ ಮಾತಾಡಿಸುವಾಗ ಯು ವಾಸ್ ಅನ್ನೋದು ಸರಿ ಅಂತ 1789ರಲ್ಲಿ ವಾದಿಸಿದರು, ಯಾಕೆಂದರೆ ಆಗ ಜನ ಹಾಗೇ ಮಾತಾಡುತ್ತಿದ್ದರು. ಇವತ್ತು ನಾವು ಹಾಗೆ ಬರೆದರೆ ಮಾರ್ಕ್ಸ್ ಹೋಗುತ್ತೆ. ಅದೇ ಹೂಮ್ ಬದಲು ಹೂ ಬಳಸಬಹುದು ಅಂತ ಅವರು ಹೇಳಿದ್ದು ಈಗ ದಿನಬಳಕೆಯ ಮಾತು.

1806ರಲ್ಲಿ ಚಿಕ್ಕ ನಿಘಂಟು ಬಂತು. ದೊಡ್ಡದಕ್ಕೆ ಇನ್ನೂ ಎರಡು ದಶಕ ಹಿಡಿಯಿತು. ಅರ್ಧಚಂದ್ರಾಕಾರದ ಮೇಜಿನ ಮೇಲೆ ನಿಘಂಟುಗಳನ್ನು ಹರಡಿಕೊಂಡು ಒಂದರಿಂದ ಇನ್ನೊಂದಕ್ಕೆ ನಡೆಯುತ್ತಾ ಕೆಲಸ ಮಾಡುತ್ತಿದ್ದರಂತೆ. ಸಂಸ್ಕೃತವೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನು ಅಭ್ಯಾಸ ಮಾಡಿದರು. ಆದರೂ ಅವರು ಕೊಟ್ಟ ಪದಮೂಲಗಳಲ್ಲಿ ಬಹಳಷ್ಟು ತಪ್ಪಾದವು. ಜರ್ಮನಿಯಲ್ಲಿ ಬೆಳೆಯುತ್ತಿದ್ದ ಹೊಸ ಭಾಷಾವಿಜ್ಞಾನವನ್ನು ಅವರು ಒಪ್ಪಿಕೊಳ್ಳಲೇ ಇಲ್ಲ. 1825ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಕೊನೆಯ ಪದ ಬರೆದಾಗ ಕೈ ನಡುಗಿತಂತೆ. 1828ರಲ್ಲಿ, 70ನೇ ವಯಸ್ಸಿನಲ್ಲಿ, ಸುಮಾರು 70,000 ಪದಗಳ ನಿಘಂಟು ಅಚ್ಚಾಯಿತು. ಸ್ಕಂಕ್, ಚೌಡರ್ ತರಹದ ಅಮೆರಿಕದ ಆಡುಮಾತುಗಳಿಗೂ ಅದರಲ್ಲಿ ಜಾಗ ಸಿಕ್ಕಿತು. ಅಚ್ಚಾಗಿದ್ದು 2,500 ಪ್ರತಿ, ಬೆಲೆ 20 ಡಾಲರ್, ಮಾರಾಟ ಮಂದ. ಎರಡನೇ ಆವೃತ್ತಿಗಾಗಿ ಮನೆ ಅಡ ಇಟ್ಟರು. 1843ರಲ್ಲಿ ತೀರಿಕೊಂಡ ಮೇಲೆ ಮೆರಿಯಂ ಸಹೋದರರು ಹಕ್ಕು ಕೊಂಡರು. ಮೆರಿಯಂ-ವೆಬ್‌ಸ್ಟರ್ ಹೆಸರು ಬಂದಿದ್ದು ಹೀಗೆ.

ಪ್ರೀಪೋನ್ ಅಂದಿದ್ದಕ್ಕೆ ನಗಿಸಿಕೊಂಡು, ಆಮೇಲೆ ಗ್ರೂಪ್ ಡಿಸ್ಕಷನ್‌ನಲ್ಲಿ ಬಾಯೇ ಬಿಡದೆ ಕೂತವರು ನಮ್ಮಲ್ಲೂ ಇದ್ದೀವಿ. ಆ ಪದ ಇವತ್ತು ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. ವೆಬ್‌ಸ್ಟರ್ ಬದುಕು ನೋಡಿದರೆ ಗೊತ್ತಾಗೋದು ಇಷ್ಟೇ: ಸರಿ-ತಪ್ಪು ಎರಡೂ ಬಳಸುವವರ ಬಾಯಲ್ಲೇ ಬದಲಾಗುತ್ತಾ ಹೋಗುತ್ತವೆ. ಪರೀಕ್ಷೆಗೆ ಅವರ ನಿಯಮ ಕಲಿಯೋಣ, ಕಂಪೈಲರ್‌ಗೆ ಅದರ ನಿಯಮ ಪಾಲಿಸೋಣ. ಆದರೆ ಒಂದು ಪದಕ್ಕೆ ಹೆದರಿ ಮಾತು ಮಾತ್ರ ನಿಲ್ಲಿಸೋದು ಬೇಡ.