ಪೌರಸೇವೆಯ ದಾರಿ ತೋರಿದ ಮುದ್ರಕ: ಬೆಂಜಮಿನ್ ಫ್ರಾಂಕ್ಲಿನ್

ಬೆಂಜಮಿನ್ ಫ್ರಾಂಕ್ಲಿನ್ನನ ಹೆಸರನ್ನು ಕೇಳದ ವಿದ್ಯಾವಂತರು ವಿರಳ. ಮಿಂಚು ವಿದ್ಯುತ್ತೇ ಎಂಬುದನ್ನು ತೋರಿಸಿಕೊಟ್ಟ ವಿಜ್ಞಾನಿಯೆಂದು, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ರಾಜನೀತಿಜ್ಞನೆಂದು ಶಾಲೆಯ ಪಾಠಗಳು ಆತನನ್ನು ಪರಿಚಯಿಸುತ್ತವೆ. ಆದರೆ ಈ ಕೀರ್ತಿ ಬರುವುದಕ್ಕೆ ಎಷ್ಟೋ ಮೊದಲು, ಚಿಕ್ಕದೊಂದು ಪಟ್ಟಣದ ಸಾಮಾನ್ಯ ಮುದ್ರಕನಾಗಿದ್ದ ಕಾಲದಿಂದಲೇ ಬೆಂಕಿ, ಕತ್ತಲೆ, ಕೆಸರು, ರೋಗ ಎಂಬ ನಾಲ್ಕು ಸಂಕಟಗಳಿಗೆ ಊರವರ ಕೈಯಿಂದಲೇ ಪರಿಹಾರ ಮಾಡಿಸತೊಡಗಿದ ಆತನ ಸಾಧನೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ಸಾರ್ವಜನಿಕ ಕಾರ್ಯದಲ್ಲಿ ತೊಡಗಿದವರೆಲ್ಲರೂ ಮನನ ಮಾಡಬೇಕಾದ ಚರಿತ್ರೆಯದು.

1706ರ ಜನವರಿ 17ರಂದು ಬಾಸ್ಟನ್ ಪಟ್ಟಣದಲ್ಲಿ ಫ್ರಾಂಕ್ಲಿನ್ನನ ಜನನವಾಯಿತು. ತಂದೆ ಬತ್ತಿ ಮತ್ತು ಸಾಬೂನು ತಯಾರಿಸಿ ಜೀವನ ಸಾಗಿಸುತ್ತಿದ್ದವನು. ಹದಿನೇಳು ಮಕ್ಕಳ ಆ ದೊಡ್ಡ ಸಂಸಾರದಲ್ಲಿ ಬೆಂಜಮಿನ್ ಹದಿನೈದನೆಯವನು. ಬಡತನದ ಕಾರಣ ಆತನಿಗೆ ಶಾಲೆಯ ಭಾಗ್ಯ ದೊರೆತದ್ದು ಎರಡೇ ವರ್ಷ. ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದನು. ಅಣ್ಣನೊಡನೆ ಹೊಂದಿಕೆಯಾಗದೆ 1723ರಲ್ಲಿ ಮನೆ ಬಿಟ್ಟು, ಕೈಯಲ್ಲಿ ಅಲ್ಪ ಹಣವಿಟ್ಟುಕೊಂಡು ಫಿಲಡೆಲ್ಫಿಯದ ದಂಡೆಯಲ್ಲಿ ಇಳಿದಾಗ ಆತನಿಗೆ ಹದಿನೇಳು ವರ್ಷ. ಐದೇ ವರ್ಷಗಳಲ್ಲಿ, 1728ರಲ್ಲಿ, ಸ್ವಂತ ಮುದ್ರಣಾಲಯ ತೆರೆದನು. ಮರುವರ್ಷ ಒಂದು ವೃತ್ತಪತ್ರಿಕೆಯ ಒಡೆಯನೂ ಆದನು.

ಫಿಲಡೆಲ್ಫಿಯ ಆಗ ಸುಮಾರು ಹತ್ತು ಸಾವಿರ ಜನವಸತಿಯ ಊರು. ಮನೆಮನೆಯಲ್ಲಿಯೂ ಹಗಲಿರುಳು ಉರಿಯುವ ಸೌದೆಯ ಒಲೆ, ಬೀದಿಗಳಲ್ಲಿ ಮಳೆಗಾಲಕ್ಕೆ ಬಂಡಿಯ ಗಾಲಿ ಹೂತುಹೋಗುವ ಕೆಸರು, ಬೇಸಗೆಗೆ ಉಸಿರುಕಟ್ಟಿಸುವ ಧೂಳು, ರಾತ್ರಿಯಾದರೆ ಗಾಢಾಂಧಕಾರ. 1730ರಲ್ಲಿ ಹಡಗುಕಟ್ಟೆಯ ಬಳಿ ಎದ್ದ ಬೆಂಕಿಯು ದಾಸ್ತಾನು ಮಳಿಗೆಗಳನ್ನು ಸುಟ್ಟು ಬೂದಿ ಮಾಡಿತು. ಬೆಂಕಿಯೊಡನೆ ಹೋರಾಡಲು ಊರಿನಲ್ಲಿ ತಕ್ಕ ಸಲಕರಣೆಯೂ ಇರಲಿಲ್ಲ, ಒಂದು ಕ್ರಮವೂ ಇರಲಿಲ್ಲ.

1727ರಲ್ಲಿಯೇ ಫ್ರಾಂಕ್ಲಿನ್ನನು ಕೆಲವು ಕುಶಲಕರ್ಮಿ ಮಿತ್ರರನ್ನು ಕೂಡಿಸಿ ಒಂದು ಗೋಷ್ಠಿಯನ್ನು ಆರಂಭಿಸಿದ್ದನು. ಪ್ರತಿ ಶುಕ್ರವಾರ ಸಂಜೆ ಇವರು ಸೇರಿ ಲೋಕಹಿತದ ವಿಷಯಗಳನ್ನು ಚರ್ಚಿಸುತ್ತಿದ್ದರು. ಈ ಗೋಷ್ಠಿಯ ಫಲವಾಗಿ 1731ರಲ್ಲಿ ಚಂದಾದಾರರ ಗ್ರಂಥಾಲಯವೊಂದು ಹುಟ್ಟಿತು. ಅದಕ್ಕಾಗಿ ಚಂದಾ ಎತ್ತುವಾಗ ಆತನಿಗೊಂದು ಸತ್ಯ ಮನವರಿಕೆಯಾಯಿತು: ಒಳ್ಳೆಯ ಕಾರ್ಯವೇ ಆದರೂ ಅದರಿಂದ ಒಬ್ಬನ ಹೆಸರು ಮೆರೆಯುವುದೆಂದು ಕಂಡರೆ ಜನ ಹಿಂಜರಿಯುತ್ತಾರೆ. ಅಂದಿನಿಂದ ಆತನು ಪ್ರತಿಯೊಂದು ಯೋಜನೆಯನ್ನೂ ಹಲವು ಮಿತ್ರರ ಸಲಹೆಯೆಂದೇ ಮುಂದಿಟ್ಟು ತಾನು ಹಿಂದೆ ನಿಲ್ಲುವುದನ್ನು ರೂಢಿಸಿಕೊಂಡನು.

ಗೋಷ್ಠಿಯಲ್ಲಿ ಆತನು ಎತ್ತಿದ ವಿಷಯಗಳಲ್ಲಿ ರಾತ್ರಿಯ ಕಾವಲು ಒಂದು. ಗಸ್ತಿಗೆ ಬರಲೊಲ್ಲದ ಗೃಹಸ್ಥರು ವರ್ಷಕ್ಕೆ ಆರು ಷಿಲಿಂಗ್ ಕೊಟ್ಟು ಬಿಡುಗಡೆ ಪಡೆಯಬಹುದಿತ್ತು. ಆ ಹಣದಲ್ಲಿ ಕಾನ್‌ಸ್ಟೇಬಲನು ಕುಡುಕರನ್ನು ಕಲೆಹಾಕಿ ಗಸ್ತಿನ ಶಾಸ್ತ್ರ ಮುಗಿಸುತ್ತಿದ್ದನು. ಐವತ್ತು ಪೌಂಡಿನ ಆಸ್ತಿಯೂ ಇಲ್ಲದ ಬಡ ವಿಧವೆಯೂ, ಸಾವಿರಾರು ಪೌಂಡಿನ ಸರಕಿನ ಒಡೆಯನಾದ ವರ್ತಕನೂ ತೆರಬೇಕಾದದ್ದು ಒಂದೇ ಮೊತ್ತ. ಇದು ಅನ್ಯಾಯವೆಂದು ಕಂಡ ಫ್ರಾಂಕ್ಲಿನ್ನನು, ಯೋಗ್ಯರಾದ ಕಾವಲುಗಾರರನ್ನು ಸಂಬಳಕ್ಕೆ ನೇಮಿಸಿ, ಅದರ ವೆಚ್ಚವನ್ನು ಆಸ್ತಿಗೆ ತಕ್ಕ ತೆರಿಗೆಯಿಂದ ಭರಿಸಬೇಕೆಂದು ಸೂಚಿಸಿದನು. ಈ ಸಲಹೆ ಕಾಯಿದೆಯ ರೂಪ ತಾಳಲು ಹಲವು ವರ್ಷಗಳೇ ಹಿಡಿದವು.

ಬೆಂಕಿಯ ವಿಷಯದಲ್ಲಿ ಮಾತ್ರ ಆತನು ಶಾಸನಕ್ಕಾಗಿ ಕಾಯಲಿಲ್ಲ. 1735ರಲ್ಲಿ ತನ್ನ ಪತ್ರಿಕೆಯಲ್ಲಿಯೇ ಹೆಸರು ಮರೆಸಿ ಒಂದು ಪತ್ರವನ್ನು ಪ್ರಕಟಿಸಿದನು. ಉರಿಯುವ ಕೆಂಡವನ್ನು ಮುಚ್ಚದೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯಬಾರದು, ಹೊಗೆಗೂಡು ಶುಚಿ ಮಾಡುವವರಿಗೆ ಪರವಾನಗಿಯೂ ಹೊಣೆಯೂ ಇರಬೇಕು ಎಂಬ ಹಿತವಚನಗಳು ಅದರಲ್ಲಿದ್ದವು. 1736ರ ನವೆಂಬರಿನಲ್ಲಿ ಆತನ ನಾಲ್ಕು ವರ್ಷದ ಮಗ ಫ್ರಾನ್ಸಿಸನು ಸಿಡುಬಿಗೆ ಬಲಿಯಾದನು. ಮಗುವಿಗೆ ಮುಂಚಿತವಾಗಿ ಸಿಡುಬಿನ ರಕ್ಷಣೆ ಹಾಕಿಸಲಿಲ್ಲವೆಂಬ ಕೊರಗು ಆ ತಂದೆಯನ್ನು ಕಡೆಯವರೆಗೂ ಕಾಡಿತು. ಇತರ ತಂದೆತಾಯಿಗಳು ಆ ತಪ್ಪು ಮಾಡದಿರಲೆಂದು ಅದನ್ನು ಬಹಿರಂಗವಾಗಿಯೇ ಬರೆದಿಟ್ಟನು. ಈ ದುಃಖ ಆರುವ ಮುನ್ನವೇ, ಅದೇ ವರ್ಷದ ಡಿಸೆಂಬರ್ 7ರಂದು, ಯೂನಿಯನ್ ಅಗ್ನಿಶಾಮಕ ಸಂಘ ಸ್ಥಾಪನೆಗೊಂಡಿತು.

ಅದರ ನಿಯಮಗಳು ಸರಳವಾದವು. ಪ್ರತಿಯೊಬ್ಬ ಸದಸ್ಯನೂ ತೊಗಲಿನ ಬಕೆಟ್ಟುಗಳನ್ನೂ, ಸಾಮಾನುಗಳನ್ನು ತುಂಬಿ ಹೊರತರಲು ಗಟ್ಟಿ ಚೀಲ, ಬುಟ್ಟಿಗಳನ್ನೂ ಸದಾ ಸಿದ್ಧವಾಗಿಟ್ಟಿರಬೇಕು. ಬೆಂಕಿಯ ಕೂಗು ಕೇಳಿದೊಡನೆ ಅವುಗಳೊಡನೆ ಧಾವಿಸಬೇಕು. ತಿಂಗಳಿಗೊಮ್ಮೆ ಸಭೆ ಸೇರಬೇಕು. ತಪ್ಪಿಸಿಕೊಂಡವನು ದಂಡ ತೆರಬೇಕು. ಆ ದಂಡದ ಹಣವೇ ನೀರು ಚಿಮ್ಮುವ ಯಂತ್ರ, ಏಣಿ, ಕೊಕ್ಕೆಗಳಾಗಿ ಪರಿಣಮಿಸಿತು. ಸದಸ್ಯರಾಗಲು ಇನ್ನೂ ಹಲವರು ಮುಂದೆ ಬಂದಾಗ, ಒಂದೇ ಸಂಘವನ್ನು ಹಿಗ್ಗಿಸುವ ಬದಲು ಬೇರೊಂದನ್ನು ಕಟ್ಟಿಕೊಳ್ಳುವಂತೆ ಹೇಳಲಾಯಿತು. ಹೀಗೆ ಒಂದರ ಹಿಂದೆ ಒಂದರಂತೆ ಸಂಘಗಳು ಹುಟ್ಟಿ ಊರಿನ ಬಹುಪಾಲು ಆಸ್ತಿವಂತರೆಲ್ಲ ಯಾವುದಾದರೊಂದರಲ್ಲಿ ಸೇರಿದರು. ಅಲ್ಲಿಂದ ಮುಂದೆ ಒಮ್ಮೆಗೆ ಒಂದೆರಡು ಮನೆಗಳಿಗಿಂತ ಹೆಚ್ಚು ಬೆಂಕಿಗೆ ಆಹುತಿಯಾದದ್ದಿಲ್ಲವೆಂದು ಫ್ರಾಂಕ್ಲಿನ್ನನು ವೃದ್ಧಾಪ್ಯದಲ್ಲಿ ಸಮಾಧಾನದಿಂದ ಬರೆದಿದ್ದಾನೆ. 1871ರಲ್ಲಿ ನಗರಾಡಳಿತವು ಸಂಬಳದ ದಳವನ್ನು ರಚಿಸುವವರೆಗೂ ಇಂಥ ಸ್ವಯಂಸೇವಕ ಸಂಘಗಳೇ ಫಿಲಡೆಲ್ಫಿಯವನ್ನು ಕಾಯ್ದವು. ಬೆಂಕಿಯಲ್ಲಿ ಮನೆ ಕಳೆದುಕೊಂಡವರ ನಷ್ಟವನ್ನು ಎಲ್ಲರೂ ಹಂಚಿಕೊಳ್ಳುವ ವಿಮಾ ಸಂಸ್ಥೆಯೊಂದು 1752ರಲ್ಲಿ ಆತನ ಮುಂದಾಳತ್ವದಲ್ಲಿ ಆರಂಭವಾಯಿತು. ಅದು ಇಂದಿಗೂ ನಡೆದುಕೊಂಡು ಬಂದಿದೆ.

ಬೀದಿಯ ಸುಧಾರಣೆಯೂ ಹೀಗೆಯೇ ಚಿಕ್ಕದಾಗಿ ಮೊದಲಾಯಿತು. ಮಾರುಕಟ್ಟೆಯ ಬಳಿ ಕಲ್ಲು ಹಾಸಿದ ತುಂಡು ಬೀದಿಗೆ ಬಂಡಿಗಳು ಮತ್ತೆ ಕೆಸರು ತರುತ್ತಿದ್ದವು. ಫ್ರಾಂಕ್ಲಿನ್ನನು ದುಡಿಮೆಗಾರನಾದ ಒಬ್ಬ ಬಡವನನ್ನು ಹುಡುಕಿ, ವಾರಕ್ಕೆರಡು ಸಲ ಗುಡಿಸಿ ಕಸ ಒಯ್ಯುವಂತೆ ಒಪ್ಪಿಸಿದನು. ಮನೆಯೊಂದಕ್ಕೆ ತಿಂಗಳಿಗೆ ಆರು ಪೆನ್ಸ್ ಕೂಲಿ. ಇದರ ಪ್ರಯೋಜನಗಳನ್ನು ಅಚ್ಚು ಹಾಕಿಸಿ ಮನೆಮನೆಗೂ ಹಂಚಿದಾಗ ಒಬ್ಬರೂ ಅಲ್ಲಗಳೆಯಲಿಲ್ಲ. ಶುಚಿಯಾದ ಬೀದಿಯ ಸುಖ ಕಂಡ ಜನರು ಎಲ್ಲ ಬೀದಿಗಳಿಗೂ ಕಲ್ಲು ಹಾಸಲು ತೆರಿಗೆ ಕೊಡಲು ತಾವಾಗಿಯೇ ಸಿದ್ಧರಾದರು. ದೀಪದ ವಿಷಯದಲ್ಲಿ ಮೊದಲ ಮೇಲ್ಪಂಕ್ತಿ ತನ್ನದಲ್ಲ, ಮನೆಯ ಬಾಗಿಲಲ್ಲಿ ದೀಪವಿಟ್ಟ ಜಾನ್ ಕ್ಲಿಫ್ಟನ್ ಎಂಬುವನದೆಂದು ಆತನು ಸ್ಪಷ್ಟಪಡಿಸಿದ್ದಾನೆ. ತಾನು ಮಾಡಿದ್ದು ದೀಪದ ಆಕಾರವನ್ನು ತಿದ್ದಿದ್ದು ಮಾತ್ರ. ಲಂಡನ್ನಿನಿಂದ ಬರುತ್ತಿದ್ದ ಗುಂಡುಗಾಜಿನ ದೀಪಗಳು ಕೆಳಗಿನಿಂದ ಗಾಳಿಯಾಡದೆ ಬೇಗನೆ ಹೊಗೆ ಹಿಡಿದು ಮಸುಕಾಗುತ್ತಿದ್ದವು. ಆತನು ನಾಲ್ಕು ಚಪ್ಪಟೆ ಗಾಜುಗಳನ್ನು ಜೋಡಿಸಿ, ಮೇಲೆ ಹೊಗೆಯ ಕೊಳವೆ, ಕೆಳಗೆ ಗಾಳಿಯ ಕಿಂಡಿಗಳನ್ನಿಡಿಸಿದನು. ದೀಪ ಬೆಳಗಿನವರೆಗೂ ಪ್ರಕಾಶಿಸಿತು. ಒಡೆದರೂ ಒಂದೇ ಗಾಜನ್ನು ಬದಲಿಸಿದರೆ ಸಾಕಾಗುತ್ತಿತ್ತು.

ಬಡರೋಗಿಗಳಿಗಾಗಿ ಆಸ್ಪತ್ರೆ ಕಟ್ಟಬೇಕೆಂಬ ಸಂಕಲ್ಪ ಮಾಡಿದವನು ವೈದ್ಯ ಥಾಮಸ್ ಬಾಂಡ್. ಚಂದಾ ಸಾಲದಾದಾಗ ಫ್ರಾಂಕ್ಲಿನ್ನನು ಪ್ರಾಂತೀಯ ಸಭೆಯ ಮೊರೆಹೊಕ್ಕನು. ಇದರಿಂದ ಪಟ್ಟಣಕ್ಕೆ ಮಾತ್ರ ಲಾಭವೆಂದು ಹಳ್ಳಿಗಾಡಿನ ಪ್ರತಿನಿಧಿಗಳು ವಿರೋಧಿಸಿದರು. ಜನರು ಎರಡು ಸಾವಿರ ಪೌಂಡ್ ಕೂಡಿಸಿದರೆ ಮಾತ್ರ ಸಭೆಯು ಅಷ್ಟೇ ಹಣ ಕೊಡತಕ್ಕದ್ದೆಂಬ ಷರತ್ತನ್ನು ಆತನು ಮಸೂದೆಯಲ್ಲಿ ಸೇರಿಸಿದನು. ಅಷ್ಟು ಹಣ ಕೂಡಲಾರದೆಂದು ನಂಬಿದ ಪ್ರತಿನಿಧಿಗಳು ಖರ್ಚಿಲ್ಲದೆ ದಾನಿಗಳೆನಿಸಿಕೊಳ್ಳಲು ಒಪ್ಪಿದರು. ತಾನು ಕೊಡುವ ಒಂದು ಪೌಂಡ್ ಎರಡಾಗುವುದೆಂದು ತಿಳಿದ ಪ್ರತಿಯೊಬ್ಬ ದಾನಿಯೂ ಕೈಬಿಚ್ಚಿ ಕೊಟ್ಟನು. 1751ರಲ್ಲಿ ಮಂಜೂರಾದ ಪೆನ್ಸಿಲ್ವೇನಿಯ ಆಸ್ಪತ್ರೆಯು ಮರುವರ್ಷ ಬಾಡಿಗೆ ಮನೆಯೊಂದರಲ್ಲಿ ಆರಂಭವಾಗಿ, ಇಂದಿಗೂ ರೋಗಿಗಳ ಸೇವೆಯಲ್ಲಿದೆ.

ಅಷ್ಟರಲ್ಲಿ ಆತನ ವಿದ್ಯುತ್ ಪ್ರಯೋಗಗಳು ಯೂರೋಪಿನಲ್ಲೆಲ್ಲ ಹೆಸರಾಗಿದ್ದವು. ಸಿಡಿಲಿನಿಂದ ಕಟ್ಟಡಗಳನ್ನು ಕಾಯುವ ಲೋಹದ ಕಂಬಿಯನ್ನು ನಿಲ್ಲಿಸುವ ವಿಧಾನವನ್ನು ತನ್ನ ಪಂಚಾಂಗದಲ್ಲಿ ಅಚ್ಚು ಹಾಕಿ ಎಲ್ಲರಿಗೂ ಬಿಟ್ಟುಕೊಟ್ಟನೇ ಹೊರತು ಅದಕ್ಕೆ ಹಕ್ಕುಪತ್ರ ಪಡೆಯಲಿಲ್ಲ. ಆ ಮೇಲಿನ ರಾಯಭಾರಿ ಜೀವನ, 1776ರ ಸ್ವಾತಂತ್ರ್ಯ ಘೋಷಣೆ, 1787ರ ಸಂವಿಧಾನ ರಚನೆ ಸರ್ವವಿದಿತ. ಇಂಥ ಬಾಳಿನಲ್ಲಿಯೂ ಒಂದು ಕಳಂಕವಿತ್ತು. ಆತನು ಗುಲಾಮರನ್ನು ಇಟ್ಟುಕೊಂಡಿದ್ದನು. ಅವರ ಮಾರಾಟದ ಜಾಹೀರಾತುಗಳು ಆತನ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ತಡವಾಗಿಯಾದರೂ ಮನ ತಿರುಗಿ, 1787ರಲ್ಲಿ ಗುಲಾಮಗಿರಿ ನಿರ್ಮೂಲನ ಸಂಘದ ಅಧ್ಯಕ್ಷತೆ ವಹಿಸಿದನು. 1790ರಲ್ಲಿ ಆ ಪದ್ಧತಿಯ ವಿರುದ್ಧ ರಾಷ್ಟ್ರದ ಶಾಸನಸಭೆಗೆ ಮನವಿ ಸಲ್ಲಿಸಿದನು.

1790ರ ಏಪ್ರಿಲ್ 17ರಂದು ಆತನು ಕಾಲವಾದಾಗಲೂ ಊರಿನ ಚಿಂತೆ ಆತನ ಮರಣಶಾಸನದಲ್ಲಿ ಉಳಿದಿತ್ತು. ಬಾಸ್ಟನ್ ಮತ್ತು ಫಿಲಡೆಲ್ಫಿಯಗಳಿಗೆ ತಲಾ ಒಂದು ಸಾವಿರ ಪೌಂಡನ್ನು ಇನ್ನೂರು ವರ್ಷಗಳ ಅವಧಿಗೆ ಬಿಟ್ಟು, ಅದನ್ನು ತರುಣ ಕುಶಲಕರ್ಮಿಗಳಿಗೆ ಸಾಲವಾಗಿ ಕೊಡಬೇಕೆಂದೂ, ನೂರು ವರ್ಷ ಬೆಳೆದ ಮೇಲೆ ಒಂದು ಪಾಲನ್ನು ಲೋಕೋಪಯೋಗಿ ಕಾಮಗಾರಿಗಳಿಗೆ ವಿನಿಯೋಗಿಸಬೇಕೆಂದೂ ವಿಧಿಸಿದ್ದನು. ಮನೆಗಳೂ ಕಲ್ಲುಹಾಸುಗಳೂ ನೆಲವನ್ನು ಮುಚ್ಚಿ ಮಳೆನೀರು ಇಂಗದಂತಾಗುವುದರಿಂದ ಬಾವಿಗಳು ಕೆಡುವುವೆಂದು ಮುಂಗಂಡು, ಹತ್ತಿರದ ಹೊಳೆಯ ನೀರನ್ನು ಕೊಳವೆಗಳಲ್ಲಿ ತರಬೇಕೆಂಬ ಸಲಹೆಯನ್ನೂ ಬರೆದಿದ್ದನು. 1793ರ ಹಳದಿ ಜ್ವರದ ಹಾವಳಿಯ ನಂತರ ನಗರವು ಎಚ್ಚೆತ್ತು 1801ರಲ್ಲಿ ನೀರು ಸರಬರಾಜು ಆರಂಭಿಸಿತು. ಬಾಸ್ಟನ್ನಿನ ನಿಧಿಯಿಂದ 1908ರಲ್ಲಿ ಕುಶಲಕರ್ಮಿಗಳ ತಾಂತ್ರಿಕ ವಿದ್ಯಾಲಯವೊಂದು ತೆರೆಯಿತು.

ಫ್ರಾಂಕ್ಲಿನ್ನನು ಈ ಕಾರ್ಯಗಳನ್ನು ಆರಂಭಿಸಿದಾಗ ಆತನ ಬಳಿ ಅರಸನ ಬೊಕ್ಕಸವಿರಲಿಲ್ಲ, ದೊಡ್ಡ ಅಧಿಕಾರವಿರಲಿಲ್ಲ. ಎಲ್ಲರೂ ಕೊಡಬಲ್ಲಷ್ಟು ಸಣ್ಣ ಪಾಲು, ತಪ್ಪದ ಮಾಸಿಕ ಸಭೆ, ಶಕ್ತಿಗೆ ತಕ್ಕ ಹೊರೆ, ಹೆಸರಿನ ಹಂಬಲವಿಲ್ಲದ ನಾಯಕತ್ವ ಇವೇ ಆತನ ಸಾಧನಗಳು. ಎರಡು ವರ್ಷ ಮಾತ್ರ ಶಾಲೆ ಕಂಡ ಬತ್ತಿಗಾರನ ಮಗನು ಒಂದು ಊರಿಗೆ ಬೆಳಕನ್ನೂ ಅಭಯವನ್ನೂ ತಂದುಕೊಟ್ಟದ್ದು ಇವುಗಳ ಬಲದಿಂದಲೇ.