ಬಿ.ಜಿ.ಎಲ್. ಸ್ವಾಮಿ: ಸಂಶೋಧಕನೊಬ್ಬನ ವೃತ್ತಿಜೀವನ

ಆಧುನಿಕ ಕನ್ನಡ ಸಾಹಿತ್ಯದ ಚರ್ಚೆಗಳಲ್ಲಿ ಬಿ.ಜಿ.ಎಲ್. ಸ್ವಾಮಿಯವರು ಬಹುಮಟ್ಟಿಗೆ ವಿನೋದ ಬರಹಗಾರರೆಂದೇ ಪರಿಚಿತರು. ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಬಂದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಮತ್ತು ಡಿ.ವಿ.ಜಿ.ಯವರ ಮಗ ಎಂಬ ಗುರುತು, ಈ ಎರಡರ ನಡುವೆ ಅವರ ನಿಜವಾದ ವೃತ್ತಿ ಮರೆಯಾಗಿದೆ. ಜೀವನದ ಬಹುಪಾಲನ್ನು ಅವರು ಕಳೆದದ್ದು ಸೂಕ್ಷ್ಮದರ್ಶಕದ ಮುಂದೆ. ಅವರ ಕನ್ನಡ ಗದ್ಯವನ್ನು ಆ ವೃತ್ತಿಯ ಇಕ್ಕಟ್ಟುಗಳಿಂದ ಬೇರ್ಪಡಿಸಿ ಓದಿದರೆ ನಗೆ ಮಾತ್ರ ಉಳಿಯುತ್ತದೆ, ಅದರ ಕಾರಣ ಕೈತಪ್ಪುತ್ತದೆ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯವಿಜ್ಞಾನ ಓದಿದ ಸ್ವಾಮಿ ಅಧ್ಯಾಪನ ವೃತ್ತಿಗೆ ಬಂದ ಕಾಲದಲ್ಲಿ ಕಾಲೇಜು ಅಧ್ಯಾಪಕನಿಂದ ನಿರೀಕ್ಷಿಸುತ್ತಿದ್ದುದು ಪಾಠವನ್ನೇ ಹೊರತು ಸಂಶೋಧನೆಯನ್ನಲ್ಲ. ಹಣವಾಗಲಿ ಉಪಕರಣಗಳಾಗಲಿ ಹೇರಳವಾಗಿರಲಿಲ್ಲ. ಇಂಥಲ್ಲಿ ಅವರು ಆರಿಸಿಕೊಂಡ ವಿಷಯವೇ ಗಮನಾರ್ಹವಾದುದು: ಸೀತಾಳೆ ದಂಡೆಯ ಜಾತಿಯ, ಅಂದರೆ ಆರ್ಕಿಡ್ ಕುಟುಂಬದ, ಭ್ರೂಣಶಾಸ್ತ್ರ. ಬೇರೆ ಬೇರೆ ವಯಸ್ಸಿನ ಮೊಗ್ಗು, ಹೂ, ಕಾಯಿಗಳನ್ನು ಸಂಗ್ರಹಿಸಿ ಮೇಣದಲ್ಲಿ ಹುದುಗಿಸಬೇಕು. ಮೈಕ್ರೋಟೋಮಿನಿಂದ ಕೂದಲಿಗಿಂತ ತೆಳುವಾಗಿ ಕೊಯ್ದು, ಸೀಳುಗಳನ್ನು ಅನುಕ್ರಮ ತಪ್ಪದಂತೆ ಗಾಜಿನ ಮೇಲೆ ಜೋಡಿಸಿ, ಬಣ್ಣ ಕೊಟ್ಟು, ಒಂದೊಂದನ್ನೂ ಚಿತ್ರಿಸಿಕೊಳ್ಳಬೇಕು. ಇಲ್ಲಿ ಬೇಕಾದದ್ದು ದೊಡ್ಡ ಅನುದಾನಕ್ಕಿಂತ ಹೆಚ್ಚಾಗಿ ಕೈಯ ಹದ, ಕಣ್ಣಿನ ಎಚ್ಚರ, ವರ್ಷಗಟ್ಟಲೆಯ ತಾಳ್ಮೆ. ಸೌಲಭ್ಯವಿಲ್ಲದ ಕಡೆ ಕುಳಿತವನು ವಿಷಯದ ಆಯ್ಕೆಯಲ್ಲೇ ಅರ್ಧ ಗೆಲ್ಲಬಹುದೆಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ. 1946ರ ಹೊತ್ತಿಗೆ ಅವರ ಲೇಖನಗಳು ‘ಆನಲ್ಸ್ ಆಫ್ ಬಾಟನಿ’, ‘ನ್ಯೂ ಫೈಟಾಲಜಿಸ್ಟ್’ಗಳಂತಹ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಪ್ರಕಟವಾಗತೊಡಗಿದ್ದವು.

ಈ ದುಡಿಮೆಯ ಬೆನ್ನಿಗೆ ಬಂದದ್ದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಇರ್ವಿಂಗ್ ಬೈಲಿಯವರ ಸಹಯೋಗ. ಬೈಲಿ ಮರದ ಅಂಗರಚನೆಯಲ್ಲಿ ಪ್ರಮಾಣಪುರುಷರು. ಹೂಬಿಡುವ ಸಸ್ಯಗಳ ಮೂಲಸ್ವರೂಪ ಯಾವುದು ಎಂಬುದು ಇಬ್ಬರೂ ಹಿಡಿದ ಪ್ರಶ್ನೆ. ನ್ಯೂ ಕ್ಯಾಲಿಡೋನಿಯ ದ್ವೀಪದ ಆಂಬೊರೆಲ್ಲಾ ಎಂಬ ಪೊದೆಯ ಕಾಂಡದಲ್ಲಿ ನೀರು ಸಾಗಿಸುವ ನಾಳಗಳಿಲ್ಲವೆಂಬುದನ್ನು 1948ರಲ್ಲಿ ಅವರು ವಿವರಿಸಿದರು. ಐವತ್ತೊಂದು ವರ್ಷಗಳ ತರುವಾಯ, 1999ರಲ್ಲಿ, ಡಿ.ಎನ್.ಎ. ಆಧಾರಿತ ಅಧ್ಯಯನಗಳು ಇದೇ ಗಿಡವನ್ನು ಹೂಸಸ್ಯಗಳ ವಂಶವೃಕ್ಷದ ಮೊದಲ ಕವಲಿನಲ್ಲಿ ನಿಲ್ಲಿಸಿದವು. 1951ರಲ್ಲಿ ಪ್ರಕಟವಾದ ಮತ್ತೊಂದು ಲೇಖನ, ಅಂಡಕಗಳನ್ನು ಹೊತ್ತ ಎಲೆ ನಡುನರದ ಗುಂಟ ಮಡಿಚಿಕೊಂಡು ಅಂಡಾಶಯವಾಯಿತೆಂದು ವಾದಿಸಿತು. ದಶಕಗಳ ಕಾಲ ಅದು ಪಠ್ಯಪುಸ್ತಕಗಳ ಮಾತಾಯಿತು. ಈಚಿನ ವಿದ್ವಾಂಸರಲ್ಲಿ ಹಲವರು ಅದನ್ನು ಒಪ್ಪುವುದಿಲ್ಲ. ಸಾರ್ಕಾಂಡ್ರದಲ್ಲಿ ನಾಳಗಳಿಲ್ಲವೆಂಬ 1950ರ ನಿರ್ಣಯವನ್ನೂ 1987ರಲ್ಲಿ ಕಾರ್ಲ್‌ಕ್ವಿಸ್ಟ್ ತಿದ್ದಿದರು. ಇದರಿಂದ ಸ್ವಾಮಿಯವರ ಘನತೆಗೆ ಕುಂದೇನೂ ಬರುವುದಿಲ್ಲ. ತಿದ್ದಲು ಯೋಗ್ಯವಾಗುವಷ್ಟು ಖಚಿತವಾಗಿ ಬರೆದವರನ್ನೇ ಮುಂದಿನವರು ತಿದ್ದುತ್ತಾರೆ. ಸಾರ್ಕಾಂಡ್ರದ ಒಂದು ಪ್ರಭೇದಕ್ಕೆ ಬೈಲಿಯವರ ಹೆಸರನ್ನೂ ಅಸ್ಕಾರಿನದ ಒಂದು ಪ್ರಭೇದಕ್ಕೆ ದೆಹಲಿಯ ಭ್ರೂಣಶಾಸ್ತ್ರಜ್ಞ ಪಿ. ಮಾಹೇಶ್ವರಿಯವರ ಹೆಸರನ್ನೂ ಇಟ್ಟು ಅವರು ವಿದ್ಯಾಋಣ ತೀರಿಸಿದರು.

ಅಮೆರಿಕದಿಂದ ಮರಳಿದ ಸ್ವಾಮಿಯವರ ಮುಂದಿನ ಕರ್ಮಭೂಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. ಅಲ್ಲಿ ಸಸ್ಯವಿಜ್ಞಾನದ ಪ್ರಾಧ್ಯಾಪಕರಾಗಿ, ವಿಭಾಗದ ಮುಖ್ಯಸ್ಥರಾಗಿ, ಮುಂದೆ ಪ್ರಾಂಶುಪಾಲರೂ ಆದರು. ಸರ್ಕಾರಿ ಕಾಲೇಜಿನ ಮುಖ್ಯಸ್ಥನಿಗೆ ಕಡತ, ಸಭೆ, ಶಿಫಾರಸುಗಳಿಂದ ಬಿಡುಗಡೆಯಿಲ್ಲ. ಸಂಶೋಧನೆ ಬತ್ತಿಹೋಗುವುದು ಸಾಮಾನ್ಯವಾಗಿ ಈ ಹಂತದಲ್ಲಿಯೇ. ಸ್ವಾಮಿಯವರದು ಬತ್ತಲಿಲ್ಲ, ಶಿಷ್ಯರೊಡನೆ ದುಡಿದದ್ದು ಅದಕ್ಕೊಂದು ಮುಖ್ಯ ಕಾರಣ. ಎನ್. ಪರಮೇಶ್ವರನ್ ಅವರೊಂದಿಗೆ 1963ರಲ್ಲಿ ‘ಬಯಲಾಜಿಕಲ್ ರಿವ್ಯೂಸ್’ನಲ್ಲಿ ಬರೆದ ಸಮೀಕ್ಷೆಯನ್ನು ಭ್ರೂಣಾಹಾರದ ಅಧ್ಯಯನಕಾರರು ಮುಂದೆಯೂ ಉಲ್ಲೇಖಿಸುತ್ತ ಬಂದರು. ಎರಡನೆಯ ಕಾರಣವನ್ನು ಕನ್ನಡದಲ್ಲಿಯೇ ಹುಡುಕಬೇಕು. ‘ಕಾಲೇಜು ರಂಗ’, ‘ಪ್ರಾಧ್ಯಾಪಕನ ಪೀಠದಲ್ಲಿ’ ಮೊದಲಾದ ಪುಸ್ತಕಗಳು ವಿದ್ಯಾಸಂಸ್ಥೆಗಳ ಕ್ಷುದ್ರತೆಯನ್ನು ನಗೆಯಾಗಿಸಿದವು. ಬೇರೊಬ್ಬರಲ್ಲಿ ಕಹಿಯಾಗಿ ಉಳಿಯಬಹುದಾಗಿದ್ದ ಅನುಭವ ಇಲ್ಲಿ ಪುಟಗಳ ಮೇಲೆ ಖರ್ಚಾಗಿ, ಮನಸ್ಸು ಮತ್ತೆ ಗಾಜಿನ ಫಲಕಗಳತ್ತ ತಿರುಗಲು ಸಾಧ್ಯವಾಯಿತೆಂದು ತೋರುತ್ತದೆ.

ಪದರಪದರವಾಗಿ ಕೊಯ್ದು ನೋಡುವ ಅಭ್ಯಾಸ ಸಸ್ಯಗಳಿಗಷ್ಟೇ ಸೀಮಿತವಾಗಲಿಲ್ಲ. 1970ರ ದಶಕದಲ್ಲಿ ಅವರು ತೇವಾರಂ ಕವಿತ್ರಯರ ಕಾಲ, ಕಳಭ್ರರ ಪ್ರಶ್ನೆ ಮುಂತಾದವುಗಳನ್ನು ಕುರಿತು ಬರೆದರು. ತಮಿಳು ಸಾಹಿತ್ಯದ ಪ್ರಾಚೀನತೆಯ ಬಗೆಗೆ ರೂಢಿಯಲ್ಲಿದ್ದ ಕಾಲನಿರ್ಣಯಗಳನ್ನು ಪ್ರಶ್ನಿಸುವ ಕೆಲಸ ಮದರಾಸಿನ ಸರ್ಕಾರಿ ನೌಕರನಿಗೆ ನಿರಪಾಯಕರವಾಗಿರಲಿಲ್ಲ. ‘ತಮಿಳು ತಲೆಗಳ ನಡುವೆ’ ಆ ವಾತಾವರಣದಿಂದ ಹುಟ್ಟಿದ ಪುಸ್ತಕ. ಅವರ ತೀರ್ಮಾನಗಳೆಲ್ಲವನ್ನೂ ಒಪ್ಪಬೇಕಾಗಿಲ್ಲ, ಕೆಲವೆಡೆ ಧಾಟಿಯೂ ಅಗತ್ಯಕ್ಕಿಂತ ತೀಕ್ಷ್ಣ. ಆದರೆ ‘ಶಾಸನಗಳಲ್ಲಿ ಗಿಡಮರಗಳು’ ಕೃತಿಯ ವಿಚಾರ ಬೇರೆ. ಶಾಸನದಲ್ಲಿ ಬರುವ ಗಿಡದ ಹೆಸರನ್ನು ನಿಘಂಟಿನ ಸಹಾಯದಿಂದ ಅರ್ಥೈಸಿ ತೃಪ್ತರಾಗುವವರಿಗೆ, ಗಿಡವನ್ನೇ ಬಲ್ಲವನೊಬ್ಬ ಅದೇ ಸಾಲನ್ನು ಓದಿದಾಗ ಏನು ಕಾಣುತ್ತದೆಂಬುದನ್ನು ಅದು ತೋರಿಸಿತು. ಕನ್ನಡ ವಿಭಾಗಗಳು ಹೆಚ್ಚು ಬಳಸಿಕೊಳ್ಳಬೇಕಾಗಿದ್ದ ಪುಸ್ತಕವದು.

ನಿವೃತ್ತಿಯ ನಂತರ ಮೈಸೂರಿಗೆ ಬಂದ ಸ್ವಾಮಿ ಮಾನಸಗಂಗೋತ್ರಿಯಲ್ಲಿ ಕೆಲಸ ಮುಂದುವರಿಸಿದರು. ಶಿಷ್ಯ ಕೆ.ವಿ. ಕೃಷ್ಣಮೂರ್ತಿಯವರೊಂದಿಗೆ ಇಂಗ್ಲಿಷಿನಲ್ಲಿ ಬರೆದ ‘ಫ್ರಮ್ ಫ್ಲವರ್ ಟು ಫ್ರೂಟ್’ ಎಂಬ ಭ್ರೂಣಶಾಸ್ತ್ರ ಗ್ರಂಥ 1980ರಲ್ಲಿ ಹೊರಬಂದಿತು. ಅದೇ ವರ್ಷದ ನವೆಂಬರಿನಲ್ಲಿ ಅವರು ನಿಧನರಾದರು.